ಸ್ಟೇರಿಂಗ್ ಕಾಲಂನ ಬೋಲ್ಟಿಗೆ ಕೈಯಂದಾಜು ಸಾಲದು

ಕಾರಿನ ಏಸಿ ಕೂಲಿಂಗ್ ಕಾಯಿಲ್ ತೂತಾಗಿದೆ ಎಂದು ಗ್ಯಾರೇಜಿಗೆ ಬಿಟ್ಟು ಬರುವ ಹೆಚ್ಚಿನವರಿಗೆ ಒಂದು ಸಂಗತಿ ಗೊತ್ತಿರುವುದಿಲ್ಲ. ಕಾಯಿಲ್ ಕುಳಿತಿರುವುದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ಅನೇಕ ಕಾರುಗಳಲ್ಲಿ ಅದನ್ನು ಹೊರತೆಗೆಯಲು ಡ್ಯಾಶ್‌ಬೋರ್ಡ್ ಕಳಚಬೇಕು, ಡ್ಯಾಶ್‌ಬೋರ್ಡ್ ಕಳಚಲು ಸ್ಟೇರಿಂಗ್ ಕಾಲಂ ಇಳಿಸಬೇಕು. ಸಂಜೆಗೆ ಏಸಿ ತಣ್ಣಗೆ ಬೀಸುತ್ತದೆ. ಬಿಲ್ಲಿನಲ್ಲಿ ಕಾಯಿಲ್ಲಿನ ಬೆಲೆ, ಗ್ಯಾಸಿನ ಬೆಲೆ, ಮಜೂರಿ ಇರುತ್ತವೆ. ಸ್ಟೇರಿಂಗಿನ ಸುದ್ದಿಯೇ ಇರುವುದಿಲ್ಲ. ಆದರೆ ಚಾಲಕನ ಕೈಗೂ ಮುಂದಿನ ಚಕ್ರಗಳಿಗೂ ನಡುವೆ ಇರುವ ಕೆಲವೇ ಬೋಲ್ಟುಗಳು ಆ ದಿನ ಬಿಚ್ಚಿ ಮತ್ತೆ ಕುಳಿತಿರುತ್ತವೆ. ಅವು ಹೇಗೆ ಕುಳಿತಿವೆ ಎಂಬುದನ್ನು ಯಾರೂ ಕೇಳಿರುವುದಿಲ್ಲ.

ಕಾಯಿಲ್ ಒಂದೇ ಕಾರಣವಲ್ಲ. ಗೇರ್‌ಬಾಕ್ಸ್ ಇಳಿಸುವಾಗ, ಸ್ಟೇರಿಂಗ್ ರ್‍ಯಾಕ್ ರಿಪೇರಿಗೆ ಬಿಚ್ಚುವಾಗ, ಪವರ್ ಸ್ಟೇರಿಂಗ್ ಮೋಟಾರಿನ ಕಪ್ಲಿಂಗ್ ಬದಲಿಸುವಾಗ, ನೆರೆನೀರು ನುಗ್ಗಿದ ಕಾರಿನ ವಯರಿಂಗ್ ಒಣಗಿಸುವಾಗಲೂ ಈ ಬೋಲ್ಟುಗಳಿಗೆ ಸ್ಪ್ಯಾನರ್ ಬೀಳುತ್ತದೆ. ಮಂಗಳೂರಿನ ಬಳಿಯ ಪಣಂಬೂರಿನಂಥ ಊರಿನಲ್ಲಿ ಇದಕ್ಕೆ ಇನ್ನೂ ಒಂದು ಮುಖವುಂಟು. 1974ರಲ್ಲಿ ನವಮಂಗಳೂರು ಬಂದರನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಿದ ಮೇಲೆ ಇಲ್ಲಿಯ ಚಹರೆಯೇ ಬದಲಾಯಿತು. ರಸಗೊಬ್ಬರ ಕಾರ್ಖಾನೆ, ಕುದುರೆಮುಖ ಕಂಪೆನಿಯ ಅದಿರು ಉಂಡೆಯ ಘಟಕ, ಪಕ್ಕದಲ್ಲೇ ಬೈಕಂಪಾಡಿಯ ಕೈಗಾರಿಕಾ ಪ್ರದೇಶ, ಇವುಗಳ ನಡುವೆ ಹಗಲಿರುಳು ಲಾರಿ ಟ್ಯಾಂಕರುಗಳು ಓಡುವ ರಾಷ್ಟ್ರೀಯ ಹೆದ್ದಾರಿ 66. ಹೆದ್ದಾರಿಯ ಪಡುಬದಿಗೆ ಕಡಲು. ವರ್ಷಕ್ಕೆ ಮೂರೂವರೆ ಮೀಟರಿಗೂ ಮಿಕ್ಕಿ ಮಳೆ. ಮನೆಯ ಜಾಲಿನಲ್ಲಿ ಸುಮ್ಮನೆ ನಿಂತ ಕಾರಿನ ಮೇಲೂ ಉಪ್ಪುಗಾಳಿ ಕೆಲಸ ಮಾಡುತ್ತಲೇ ಇರುತ್ತದೆ. ಆದ್ದರಿಂದ ಘಟ್ಟದ ಮೇಲಿನ ಮೆಕ್ಯಾನಿಕ್ಕಿಗೆ ಸಲೀಸಾಗಿ ಬಿಚ್ಚಿಕೊಳ್ಳುವ ಬೋಲ್ಟು ಇಲ್ಲಿ ಕೆಂಪಗೆ ಹಿಡಿದುಕೊಂಡಿರುತ್ತದೆ. ಬಿಚ್ಚಿದ್ದನ್ನು ಮರಳಿ ಹಾಕುವಾಗ ಹೊಸ ತೊಡಕುಗಳನ್ನೂ ತರುತ್ತದೆ.

ಮೊದಲು ಈ ಕಾಲಂ ಹೇಗೆ ಕಟ್ಟಿಕೊಂಡಿದೆ ಎಂದು ನೋಡೋಣ. ಕೈಯಲ್ಲಿ ಹಿಡಿಯುವ ವೀಲ್ ಒಂದು ದಂಡದ ತುದಿಯ ಹಲ್ಲುಗಳ ಮೇಲೆ ಕುಳಿತು, ನಡುವಿನ ಒಂದೇ ನಟ್ಟಿನಿಂದ ಅಥವಾ ಬೋಲ್ಟಿನಿಂದ ಬಿಗಿಯಾಗಿರುತ್ತದೆ. ಆ ದಂಡ ಒಂದು ಕೊಳವೆಯೊಳಗೆ ತಿರುಗುತ್ತದೆ. ಕೊಳವೆಯನ್ನು ಡ್ಯಾಶ್‌ಬೋರ್ಡಿನ ಹಿಂದಿರುವ ಉಕ್ಕಿನ ಅಡ್ಡಪಟ್ಟಿಗೆ ಬ್ರ್ಯಾಕೆಟ್ ಮೂಲಕ ಎರಡು ಅಥವಾ ನಾಲ್ಕು ಬೋಲ್ಟುಗಳು ತೂಗು ಹಾಕಿರುತ್ತವೆ. ಕೆಳಗೆ, ಪೆಡಲುಗಳ ಬಳಿ, ಎರಡು ಕ್ರಾಸ್‌ಗಳಿರುವ (ಬಾಗುವ ಕೀಲುಗಳಿರುವ) ಒಂದು ಮಧ್ಯದಂಡ. ಅದರ ಕೆಳತುದಿ ಸ್ಟೇರಿಂಗ್ ರ್‍ಯಾಕಿನಿಂದ ಹೊರಚಾಚಿದ ಹಲ್ಲಿನ ದಂಡವನ್ನು ತಬ್ಬಿ ಹಿಡಿಯುತ್ತದೆ. ತಬ್ಬಿ ಹಿಡಿಯುವ ಆ ಕವಲಿಗೆ ಅಡ್ಡಲಾಗಿ ಹಾಯುವ ಬೋಲ್ಟನ್ನು ಪಿಂಚ್ ಬೋಲ್ಟ್ ಎನ್ನುತ್ತಾರೆ. ಮೇಲ್ತುದಿಯಲ್ಲೂ ಸಾಮಾನ್ಯವಾಗಿ ಅಂಥದೇ ಒಂದು. ಎಲ್ಲ ಸೇರಿ ಬೋಲ್ಟುಗಳ ಲೆಕ್ಕ ಒಂದು ಕೈಬೆರಳುಗಳನ್ನು ಹೆಚ್ಚು ಮೀರುವುದಿಲ್ಲ. ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಆದರೂ ಉಂಟು. ಇಲ್ಲಿ ಒಂದು ಕೊಂಡಿ ಕಳಚಿದರೆ ಹಿಡಿಯಲು ಎರಡನೆಯದಿಲ್ಲ.

ಗ್ಯಾರೇಜಿನಲ್ಲಿ ನಡೆಯುವ ಮಾತು ಹೀಗಿರುತ್ತದೆ:

“ಸ್ಟೇರಿಂಗಿನ ಬೋಲ್ಟೆಲ್ಲ ಸರಿ ಟೈಟ್ ಉಂಟಲ್ಲ ಅಣ್ಣ?”

“ಫುಲ್ ಟೈಟ್ ಉಂಟು ಸಾರ್, ನೀವು ಹೆದರಬೇಡಿ.”

ಮೆಕ್ಯಾನಿಕ್ ಇದನ್ನು ಮನಃಪೂರ್ವಕವಾಗಿಯೇ ಹೇಳಿರುತ್ತಾರೆ. ಅವರ ಕೈ ಸುಳ್ಳು ಹೇಳುವ ಕೈಯೂ ಅಲ್ಲ; ಇಪ್ಪತ್ತು ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈಗೆ ಒಂದು ಅಂದಾಜು ಇದ್ದೇ ಇರುತ್ತದೆ. ತೊಂದರೆ ಇರುವುದು ಕೈಗೆ ಗೊತ್ತಾಗುವ ಸಂಗತಿ ಯಾವುದು ಎಂಬುದರಲ್ಲಿ. ಸ್ಪ್ಯಾನರ್ ಎಳೆಯುವಾಗ ಕೈಗೆ ತಿಳಿಯುವುದು ತಿರುಗಿಸಲು ಬೇಕಾದ ಬಲ ಮಾತ್ರ. ಬೋಲ್ಟು ಎಷ್ಟು ಹಿಗ್ಗಿದೆ ಎಂಬುದು ಕೈಗೆ ತಿಳಿಯುವುದಿಲ್ಲ. ಬೋಲ್ಟು ಹಿಡಿದು ನಿಲ್ಲುವುದು ಮಾತ್ರ ಆ ಹಿಗ್ಗುವಿಕೆಯಿಂದ.

ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ವಿಚಾರ. ಬೋಲ್ಟನ್ನು ಬಿಗಿ ಮಾಡಿದಾಗ ಅದರ ಕಾಂಡ ಸ್ಪ್ರಿಂಗಿನಂತೆ ಉದ್ದಕ್ಕೆ ಎಳೆಯಲ್ಪಡುತ್ತದೆ. ಎಳೆದ ಕಾಂಡ ಮರಳಿ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಒಂದು ಲೆಕ್ಕ ಹಾಕೋಣ. ತಲೆಯ ಮೇಲೆ 8.8 ಎಂದು ಕೊರೆದಿರುವ, 8 ಮಿಲಿಮೀಟರ್ ವ್ಯಾಸದ ಬೋಲ್ಟು ತೆಗೆದುಕೊಳ್ಳಿ. ಜಪಾನೀ ಮೂಲದ ಕಾರುಗಳಲ್ಲಿ ಇದಕ್ಕೆ ಹೆಚ್ಚಾಗಿ ಹನ್ನೆರಡರ ಸ್ಪ್ಯಾನರ್ ಬೇಕಾಗುತ್ತದೆ. ಒಣಗಿದ ಮರೆಯಲ್ಲಿ (ಬೋಲ್ಟಿನ ಸುರುಳಿ ಗೆರೆಯಲ್ಲಿ) ಇದನ್ನು ಸುಮಾರು 25 ನ್ಯೂಟನ್ ಮೀಟರಿಗೆ ಬಿಗಿ ಮಾಡಿದರೆ ಕಾಂಡದೊಳಗೆ ಸುಮಾರು 16,000 ನ್ಯೂಟನ್ ಎಳೆತ ಹುಟ್ಟುತ್ತದೆ, ಅಂದರೆ ಒಂದೂವರೆ ಟನ್ನಿಗೆ ಮಿಕ್ಕಿದ ಭಾರ ತೂಗಿದಷ್ಟು. ಮೂವತ್ತು ಮಿಲಿಮೀಟರ್ ಉದ್ದದ ಕಾಂಡ ಇಷ್ಟು ಎಳೆತಕ್ಕೆ ಹಿಗ್ಗುವುದು 0.06 ಅಥವಾ 0.07 ಮಿಲಿಮೀಟರ್. ತಲೆಗೂದಲಿನ ದಪ್ಪ ಹೆಚ್ಚು ಕಡಿಮೆ ಅಷ್ಟೇ. ಕಾರಿನ ದಿಕ್ಕು ನಿಂತಿರುವುದು ಈ ಕೂದಲಿನಷ್ಟು ಹಿಗ್ಗಿನ ಮೇಲೆ. ಬಿಗಿ ಕಡಿಮೆಯಾದರೆ ಬೇಕಾದಷ್ಟು ಹಿಗ್ಗು ಹುಟ್ಟುವುದಿಲ್ಲ. ರಸ್ತೆಯ ಅದುರಿಗೆ ಜೋಡಣೆ ಒಳಗೊಳಗೇ ಸರಿದಾಡುತ್ತದೆ, ಸರಿದಾಡಿದಷ್ಟೂ ಬೋಲ್ಟು ತಾನಾಗಿ ಹಿಂದಕ್ಕೆ ತಿರುಗುತ್ತದೆ. ಬಿಗಿ ಹೆಚ್ಚಾದರೆ ಕಾಂಡ ತನ್ನ ಮಿತಿ ದಾಟಿ ಹಿಗ್ಗಿ, ಮರಳಿ ಕುಗ್ಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಅಂಥ ಬೋಲ್ಟು ಅಂದು ತುಂಡಾಗದಿದ್ದರೂ ಮುಂದೆ ಶಿರಾಡಿ ಘಾಟಿಯ ಯಾವುದೋ ತಿರುವಿನಲ್ಲಿ ತುಂಡಾಗಬಹುದು.

ಕೈಯಂದಾಜು ಎಲ್ಲಿ ತಪ್ಪುತ್ತದೆ ಎಂಬುದಕ್ಕೂ ಲೆಕ್ಕ ಉಂಟು. ಹನ್ನೆರಡರ ರಿಂಗ್ ಸ್ಪ್ಯಾನರ್ ಸುಮಾರು 18 ಸೆಂಟಿಮೀಟರ್ ಉದ್ದವಿದೆ ಎನ್ನಿ. ಅದರ ತುದಿಯನ್ನು 15 ಕಿಲೋದಷ್ಟು ಬಲ ಹಾಕಿ ಎಳೆದರೆ 26 ನ್ಯೂಟನ್ ಮೀಟರ್ ಆಗುತ್ತದೆ. ಅದೇ ಕೈ, ಅದೇ ಸ್ಪ್ಯಾನರ್, 30 ಕಿಲೋ ಬಲ ಬಿದ್ದರೆ 53. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಒಂದು ಭುಜ ಪೆಡಲಿಗೆ ತಾಗಿಸಿಕೊಂಡು, ಬೆವರಿದ ಕೈಯಲ್ಲಿ ಎಳೆಯುವಾಗ ಹದಿನೈದು ಕಿಲೋ ಯಾವುದು, ಮೂವತ್ತು ಕಿಲೋ ಯಾವುದು ಎಂದು ಹೇಳಬಲ್ಲವರು ಯಾರು? 53ಕ್ಕೆ ಈ ಬೋಲ್ಟು ಮಿತಿ ದಾಟಿ ಹೋಗಿರುತ್ತದೆ.

ಇನ್ನು ಪಣಂಬೂರಿನ ತುಕ್ಕಿನ ವಿಚಾರ. ಸ್ಪ್ಯಾನರಿಗೆ ಹಾಕಿದ ಬಲವೆಲ್ಲ ಕಾಂಡವನ್ನು ಹಿಗ್ಗಿಸಲು ಹೋಗುವುದಿಲ್ಲ. ಸುಮಾರು ಅರ್ಧ ಭಾಗ ಬೋಲ್ಟಿನ ತಲೆಯ ಅಡಿಯ ಉಜ್ಜಾಟಕ್ಕೆ ಹೋಗುತ್ತದೆ, ನೂರರಲ್ಲಿ ನಲವತ್ತರಷ್ಟು ಪಾಲು ಮರೆಯ ಉಜ್ಜಾಟಕ್ಕೆ. ನಿಜವಾಗಿ ಹಿಗ್ಗಿಸಲು ಉಳಿಯುವುದು ನೂರರಲ್ಲಿ ಹತ್ತು ಪಾಲು. ಆದ್ದರಿಂದ ಉಜ್ಜಾಟ ಒಂದಿಷ್ಟು ಹೆಚ್ಚು ಕಡಿಮೆಯಾದರೂ ಆ ಹತ್ತು ಪಾಲು ಬುಡಮೇಲಾಗುತ್ತದೆ. ತುಕ್ಕು ಹಿಡಿದ ಮರೆಯಲ್ಲಿ, ತಿರುಗಿಸುವ ಬಲ ಅಳೆಯುವ ಟಾರ್ಕ್ ರೆಂಚು 25ಕ್ಕೆ ಟಕ್ ಎಂದಾಗ ಬೋಲ್ಟು ಅರ್ಧವೂ ಹಿಗ್ಗಿರದೆ ಇರಬಹುದು. ಬಲವನ್ನೆಲ್ಲ ತುಕ್ಕೇ ತಿಂದಿರುತ್ತದೆ. ಇದಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಮದ್ದು ಎಣ್ಣೆ ಅಥವಾ ಗ್ರೀಸ್ ಸವರುವುದು. ಅದು ಉಲ್ಟಾ ಹೊಡೆಯುತ್ತದೆ. ಎಣ್ಣೆ ಬಿದ್ದ ಮರೆಗೆ ಒಣ ಮರೆಯ ಅಳತೆಯನ್ನೇ ಹಾಕಿದರೆ ಎಳೆತ ಮೂವತ್ತು ನಲವತ್ತು ಶೇಕಡಾ ಏರಿ, ಮೇಲಿನ ಲೆಕ್ಕದ ಬೋಲ್ಟು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ರೆಂಚು ಎರಡು ಸಲವೂ ಒಂದೇ ಅಂಕಿ ತೋರಿಸಿರುತ್ತದೆ.

ಆದ್ದರಿಂದ ಕರಾವಳಿಯ ಗ್ಯಾರೇಜಿನಲ್ಲಿ ಕೆಲಸ ಶುರುವಾಗಬೇಕಾದ್ದು ಶುಚಿಯಿಂದ. ಬಿಚ್ಚಲು ಸಿಂಪಡಿಸಿದ ತುಕ್ಕುಬಿಡಿಸುವ ಎಣ್ಣೆಯನ್ನು ಮರಳಿ ಹಾಕುವ ಮುನ್ನ ಬ್ರೇಕ್ ಕ್ಲೀನರಿನಿಂದ ತೊಳೆದು ಒರೆಸಬೇಕು. ಒಳಮರೆಯ ತುಕ್ಕನ್ನು ಬ್ರಷ್ಷಿನಿಂದ ತೆಗೆಯಬೇಕು. ಮರೆ ತಿದ್ದುತ್ತೇವೆಂದು ಟ್ಯಾಪ್ ಹಾಯಿಸಿ ಲೋಹವನ್ನೇ ಕೆತ್ತಿಬಿಟ್ಟರೆ ಹಿಡಿತ ಸಡಿಲವಾಗುತ್ತದೆ. ಬೋಲ್ಟಿನ ಮೇಲೆ ಬರೀ ಬಿಳಿ ಪುಡಿ ಕಂಡರೆ ಸತುವಿನ ಲೇಪ ಕರಗುತ್ತಿದೆ ಎಂದರ್ಥ. ಕೆಂಪು ಪುಡಿ ಕಂಡರೆ ಲೇಪ ಮುಗಿದು ಉಕ್ಕಿಗೇ ತುಕ್ಕು ತಗಲಿದೆ. ಅಂಥದ್ದನ್ನು ಎಸೆದು ಅದೇ ನಮೂನೆಯ ಹೊಸ ಬೋಲ್ಟು ತರಿಸಬೇಕು. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತವಾದದ್ದು: ಕಡಲ ಬದಿಯ ಊರಿನಲ್ಲಿ ಪಿಂಚ್ ಬೋಲ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಮ್ಯಾನುವಲ್ ಮರುಬಳಕೆಗೆ ಒಪ್ಪಿದರೂ ಹೊಸದನ್ನೇ ಹಾಕುವುದು ಲೇಸು. ಇಡೀ ರಿಪೇರಿಯ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಉಪ್ಪು ಸ್ಟೇರಿಂಗಿನ ಬೋಲ್ಟಿಗೆ ಏನು ಮಾಡುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ದೂರದ ದೇಶದ್ದು. 2018ರ ಮಾರ್ಚಿನಲ್ಲಿ ಟೆಸ್ಲಾ ಕಂಪೆನಿ 2016ರ ಏಪ್ರಿಲ್‌ಗೆ ಮುಂಚೆ ತಯಾರಾದ ಸುಮಾರು 1,23,000 ಮಾಡೆಲ್ ಎಸ್ ಕಾರುಗಳನ್ನು ಹಿಂದಕ್ಕೆ ಕರೆಯಿತು. ಚಳಿದೇಶಗಳಲ್ಲಿ ಮಂಜು ಕರಗಿಸಲು ರಸ್ತೆಗೆ ಎರಚುವ ಉಪ್ಪು, ಅದರಲ್ಲೂ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣ, ಪವರ್ ಸ್ಟೇರಿಂಗಿನ ಬೋಲ್ಟುಗಳನ್ನು ತಿಂದುಹಾಕುತ್ತಿತ್ತು. ಅಲ್ಲಿ ಉಪ್ಪು ಬೀಳುವುದು ವರ್ಷದ ಕೆಲವು ತಿಂಗಳು. ನಮ್ಮಲ್ಲಿ ಕಡಲು ಹನ್ನೆರಡು ತಿಂಗಳೂ ಇರುತ್ತದೆ. ಬಂದರಿನ ದಾರಿಯಲ್ಲಿ ಗೊಬ್ಬರ ಸಾಗಿಸುವ ವಾಹನಗಳಿಗೆ ಗೊಬ್ಬರದ ಪುಡಿಯ ಲವಣವೂ ಸೇರುತ್ತದೆ. ನಮ್ಮ ಬೋಲ್ಟುಗಳೂ ಅವೇ ಎಂದು ನಾನು ಹೇಳುತ್ತಿಲ್ಲ. ಉಕ್ಕು ಮತ್ತು ಉಪ್ಪಿನ ಸ್ವಭಾವ ಎಲ್ಲಿಯೂ ಒಂದೇ.

ಈಗ ಪಿಂಚ್ ಬೋಲ್ಟಿನ ಬಳಿ ಕುಳಿತು ನೋಡೋಣ. ಎಲ್ಲಕ್ಕಿಂತ ಹೆಚ್ಚು ಅನಾಹುತಕ್ಕೆ ದಾರಿ ಇರುವುದು ಇಲ್ಲೇ. ರ್‍ಯಾಕಿನಿಂದ ಹೊರಚಾಚಿದ ಹಲ್ಲಿನ ದಂಡದ ಕುತ್ತಿಗೆಯಲ್ಲಿ ಒಂದು ಗಾಡಿ, ಅಂದರೆ ಕೊರೆದ ತೋಡು, ಇರುತ್ತದೆ, ಕೆಲವು ಕಾರುಗಳಲ್ಲಿ ಸುತ್ತಲೂ, ಕೆಲವುಗಳಲ್ಲಿ ಒಂದೇ ಬದಿಗೆ. ಕವಲನ್ನು ದಂಡದ ಮೇಲೆ ಪೂರ್ತಿ ತಳ್ಳಿದಾಗ ಕವಲಿನ ತೂತು ಈ ಗಾಡಿಗೆ ಸರಿಯಾಗಿ ಎದುರು ಬರುತ್ತದೆ. ಬೋಲ್ಟು ಗಾಡಿಯೊಳಗೆ ಹಾದುಹೋಗುತ್ತದೆ. ಹೀಗೆ ಅದು ಎರಡು ಕೆಲಸ ಮಾಡುತ್ತದೆ: ಕವಲನ್ನು ಬಿಗಿಯುವುದು, ದಂಡ ಕೆಳಕ್ಕೆ ಜಾರದಂತೆ ಅಡ್ಡ ನಿಲ್ಲುವುದು. ಬಿಗಿ ಸ್ವಲ್ಪ ಹೋದರೂ ದಂಡ ಕಳಚಿ ಬೀಳಬಾರದು ಎಂದೇ ಈ ಏರ್ಪಾಡು.

ಆದರೆ ಕವಲು ಪೂರ್ತಿ ಕೂರದೆ, ದಂಡದ ತುದಿ ಬೋಲ್ಟಿನ ತೂತಿಗಿಂತ ಕೆಳಗೇ ನಿಂತುಬಿಟ್ಟರೆ? ಬೋಲ್ಟು ಆಗಲೂ ಸುಲಭವಾಗಿ ಹಾಯುತ್ತದೆ, ದಂಡದ ತುದಿಯ ಮೇಲುಗಡೆಯಿಂದ. ಬಿಗಿಯೂ ಆಗುತ್ತದೆ, ರೆಂಚೂ ಟಕ್ ಎನ್ನುತ್ತದೆ. ಹಲ್ಲುಗಳ ಅರ್ಧ ಉದ್ದ ಮಾತ್ರ ಕಚ್ಚಿಕೊಂಡು ಸ್ಟೇರಿಂಗ್ ತಿರುಗುತ್ತದೆ. ಕಾರು ಗ್ಯಾರೇಜಿನಿಂದ ಹೊರಬಂದು ಕೂಳೂರು ಸೇತುವೆ ದಾಟಿ ಮನೆ ಸೇರುತ್ತದೆ. ಜೋಡಣೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಜಾರುತ್ತಿರುತ್ತದೆ. ಟಾರ್ಕಿನ ಅಂಕಿ ಎಷ್ಟೇ ಸರಿಯಿದ್ದರೂ ಈ ತಪ್ಪನ್ನು ಅದು ಹಿಡಿದುಕೊಡುವುದಿಲ್ಲ. ಹಿಡಿಯುವ ವಿಧಾನ ಬೇರೆ. ಟಾರ್ಚು ಹಾಕಿ ತೂತಿನೊಳಗೆ ನೋಡಬೇಕು. ಗಾಡಿಯ ಬಾಗು ಕಾಣಬೇಕು. ಬೋಲ್ಟನ್ನು ಬೆರಳಿನಿಂದಲೇ ಹಾಯಿಸಬೇಕು, ಸುತ್ತಿಗೆ ತಾಗಿಸಬಾರದು. ಬೋಲ್ಟು ಹಾಯ್ದ ಮೇಲೆ, ಬಿಗಿಯುವ ಮುನ್ನ, ಕವಲನ್ನು ದಂಡದಿಂದ ಹೊರಕ್ಕೆ ಜೋರಾಗಿ ಎಳೆದು ನೋಡಬೇಕು. ಬೋಲ್ಟು ಗಾಡಿಯಲ್ಲಿದ್ದರೆ ಅದು ತಡೆದು ನಿಲ್ಲಿಸುತ್ತದೆ. ಬಿಚ್ಚಿದ ಹಳೆಯ ಬೋಲ್ಟಿನ ಕಾಂಡವನ್ನೂ ಬೆಳಕಿಗೆ ಹಿಡಿದು ನೋಡುವುದುಂಟು: ಒಂದು ಬದಿಯಲ್ಲಿ ಫಳಫಳ ಹೊಳೆಯುವ ಉಜ್ಜಿದ ಗೆರೆ, ಅದರ ಸುತ್ತ ಕಂದು ಪುಡಿ ಕಂಡರೆ ಅಲ್ಲಿ ಅಷ್ಟು ದಿನ ಬಿಗಿ ಇರಲಿಲ್ಲ, ದಂಡ ಅದಕ್ಕೆ ತಿಕ್ಕುತ್ತಿತ್ತು ಎಂದು ತಿಳಿಯಬೇಕು. ಆಗ ಬೋಲ್ಟಿನ ಜೊತೆ ಹಲ್ಲುಗಳನ್ನೂ ಪರೀಕ್ಷಿಸಬೇಕು.

ಕವಲನ್ನು ಕೂರಿಸುವಾಗ ಒಂದು ಹಲ್ಲು ಆಚೀಚೆ ಆಗುವುದೂ ಸಾಮಾನ್ಯ. ದಂಡಕ್ಕೆ 36 ಹಲ್ಲುಗಳಿದ್ದರೆ ಒಂದು ಹಲ್ಲಿನ ತಪ್ಪಿಗೆ ವೀಲ್ 10 ಡಿಗ್ರಿ ಓರೆಯಾಗುತ್ತದೆ. ವೀಲನ್ನು ಕಿತ್ತು ನೇರ ಮಾಡಿ ಕೂರಿಸಿದರೆ ಕಣ್ಣಿಗೇನೋ ಸರಿಯಾಗುತ್ತದೆ. ಆದರೆ ವೀಲಿನ ಹಿಂದೆ ಏರ್‌ಬ್ಯಾಗಿಗೂ ಹಾರ್ನಿಗೂ ವಿದ್ಯುತ್ ಒಯ್ಯುವ ಸುರುಳಿ ಪಟ್ಟಿ ನಡುವಿನ ಸ್ಥಾನ ತಪ್ಪಿರಬಹುದು. ಆಗ ಯಾವುದೋ ದಿನ ಒಂದು ಬದಿಗೆ ಪೂರ್ತಿ ತಿರುಗಿಸಿದಾಗ ಅದು ಹರಿಯುತ್ತದೆ. ಆದ್ದರಿಂದ ಬಿಚ್ಚುವ ಮುನ್ನವೇ ಚಕ್ರಗಳನ್ನು ನೇರ ಮಾಡಿ, ವೀಲ್ ತಿರುಗದಂತೆ ಸೀಟ್ ಬೆಲ್ಟಿನಿಂದ ಕಟ್ಟಿ, ಕವಲಿಗೂ ದಂಡಕ್ಕೂ ಸೇರಿಸಿ ಬಣ್ಣದ ಒಂದು ಗೆರೆ ಎಳೆದಿಡಬೇಕು. ಅರ್ಧ ನಿಮಿಷದ ಕೆಲಸ.

ಇಂದಿನ ಸಣ್ಣ ಕಾರುಗಳಲ್ಲಿ ಪಿಂಚ್ ಬೋಲ್ಟಿನ ಹೊರೆ ಹೆಚ್ಚಾಗಿದೆ ಎಂಬುದನ್ನೂ ಗಮನಿಸಬೇಕು. ಹಿಂದಿನ ಹೈಡ್ರಾಲಿಕ್ ಪವರ್ ಸ್ಟೇರಿಂಗಿನಲ್ಲಿ ಸಹಾಯದ ಬಲ ಸೇರುತ್ತಿದ್ದುದು ಕೆಳಗೆ ರ್‍ಯಾಕಿನಲ್ಲಿ. ಮಧ್ಯದಂಡದ ಮೇಲೆ ಬೀಳುತ್ತಿದ್ದುದು ಚಾಲಕನ ಕೈಬಲ ಮಾತ್ರ. ಈಗ ಬಹಳಷ್ಟು ಸಣ್ಣ ಕಾರುಗಳಲ್ಲಿ ವಿದ್ಯುತ್ ಮೋಟಾರು ಕಾಲಂನ ಮೇಲೆಯೇ ಇರುತ್ತದೆ. ಕಾರನ್ನು ನಿಂತಲ್ಲೇ ತಿರುಗಿಸುವಾಗ ಮೋಟಾರಿನ ಬಲ ಕೈಬಲದ ಹಲವು ಪಟ್ಟು. ಅಷ್ಟೂ ಬಲ ಮಧ್ಯದಂಡದ ಮೂಲಕ, ಆ ಕವಲಿನ ಮೂಲಕ ಕೆಳಗಿಳಿಯಬೇಕು. ಬೆರಳಲ್ಲಿ ತಿರುಗುತ್ತದೆ ಎಂದು ನಾವು ಹಗುರವಾಗಿ ಎಣಿಸುವ ಸ್ಟೇರಿಂಗಿನ ಬೋಲ್ಟು ಹಿಂದಿಗಿಂತ ಹೆಚ್ಚು ದುಡಿಯುತ್ತಿದೆ.

ಮೇಲಿನ ಬ್ರ್ಯಾಕೆಟ್ಟಿನ ಬೋಲ್ಟುಗಳ ಕಥೆ ಬೇರೆ. ಮುಂದಿನಿಂದ ಡಿಕ್ಕಿಯಾದಾಗ ಕಾಲಂ ಚಾಲಕನ ಎದೆಗೆ ಈಟಿಯಂತೆ ನುಗ್ಗಬಾರದು. ಎದೆ ವೀಲಿಗೆ ಬಡಿದಾಗ ಕಾಲಂ ತಾನು ಕುಗ್ಗಿ ಏಟನ್ನು ನುಂಗಬೇಕು. ಜನರಲ್ ಮೋಟರ್ಸ್ ಇಂಥ ಕುಗ್ಗುವ ಕಾಲಂ ಅನ್ನು ತನ್ನ 1967ರ ಕಾರುಗಳಿಗೆ ಹಾಕಿತು. 1968ರಿಂದ ಅಮೆರಿಕದಲ್ಲಿ ಇದಕ್ಕೆ ಕಾನೂನೇ ಬಂತು: ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿದರೂ ಕಾಲಂ ಹಿಂದಕ್ಕೆ 127 ಮಿಲಿಮೀಟರಿಗಿಂತ ಹೆಚ್ಚು ಸರಿಯಬಾರದು. ಕುಗ್ಗಲು ಅನುಕೂಲವಾಗುವಂತೆ ಅನೇಕ ಕಾಲಂಗಳಲ್ಲಿ ಬ್ರ್ಯಾಕೆಟ್ಟಿನ ಬೋಲ್ಟುಗಳು ಒಂದು ಜಾರುಬಿಲ್ಲೆಯ ಮೂಲಕ ಹಾದಿರುತ್ತವೆ. ಬಿಲ್ಲೆಯನ್ನು ಬ್ರ್ಯಾಕೆಟ್ಟಿಗೆ ಹಿಡಿದಿರುವುದು ಪ್ಲಾಸ್ಟಿಕ್ಕಿನ ಪುಟ್ಟ ಮೊಳೆಗಳು. ಏಟು ಬಿದ್ದಾಗ ಅವು ಕತ್ತರಿಸಿ, ಬ್ರ್ಯಾಕೆಟ್ಟು ಬಿಲ್ಲೆಯಿಂದ ಜಾರಿ ಹೊರಬರುತ್ತದೆ. ಈ ಏರ್ಪಾಡು ಗೊತ್ತಿಲ್ಲದೆ, ‘ಗಟ್ಟಿ ಇರಲಿ’ ಎಂದು ದೊಡ್ಡ ವಾಷರ್ ಹಾಕಿ ಬಲವಾಗಿ ಬಿಗಿದರೆ ಬ್ರ್ಯಾಕೆಟ್ಟು ಜಾರಬೇಕಾದ ಗಳಿಗೆಯಲ್ಲಿ ಜಾರುವುದಿಲ್ಲ. ಕಾಲಂ ಇಳಿಸುವಾಗ ಅದನ್ನು ವಯರಿನ ಮೇಲೆ ನೇತುಬಿಡುವುದು, ವೀಲ್ ಬರುತ್ತಿಲ್ಲವೆಂದು ದಂಡದ ತುದಿಗೆ ಸುತ್ತಿಗೆಯಿಂದ ಬಡಿಯುವುದು, ಇವೆರಡೂ ಆ ಪ್ಲಾಸ್ಟಿಕ್ ಮೊಳೆಗಳನ್ನು ಗ್ಯಾರೇಜಿನಲ್ಲೇ ಮುರಿಯುತ್ತವೆ. ವೀಲ್ ತೆಗೆಯಲು ಪುಲ್ಲರ್ ಇದೆ.

ಬ್ರ್ಯಾಕೆಟ್ಟಿನ ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ಹಾಕಿ, ಕಾಲಂ ತನ್ನ ಜಾಗಕ್ಕೆ ಬಂದು ಕುಳಿತ ಮೇಲೆಯೇ ಮ್ಯಾನುವಲ್ ಹೇಳಿದ ಅನುಕ್ರಮದಲ್ಲಿ ಬಿಗಿಯಬೇಕು. ಒಂದನ್ನು ಪೂರ್ತಿ ಬಿಗಿದು ಉಳಿದವನ್ನು ಎಳೆದು ಕೂರಿಸಿದರೆ ಕಾಲಂ ಓರೆಯಾಗಿ ಮಧ್ಯದಂಡದ ಕ್ರಾಸ್ ಕೋನ ತಪ್ಪುತ್ತದೆ, ಸ್ಟೇರಿಂಗ್ ಒಂದು ಸುತ್ತಿನಲ್ಲಿ ಒಮ್ಮೆ ಹಗುರ ಒಮ್ಮೆ ಭಾರವಾಗಿ ತಿರುಗುತ್ತದೆ. ಇಂಪ್ಯಾಕ್ಟ್ ಗನ್ನಿನಿಂದ ಟರ್ ಎಂದು ಹೊಡೆಯುವ ಅಭ್ಯಾಸ ಚಕ್ರದ ನಟ್ಟಿಗೂ ಒಳ್ಳೆಯದಲ್ಲ. ಇಲ್ಲಂತೂ ಅದು ಹತ್ತಿರವೂ ಸುಳಿಯಬಾರದು.

ವೀಲಿನ ನಟ್ಟಿಗೆ ಕೈ ಹಾಕುವ ಮುನ್ನ ಏರ್‌ಬ್ಯಾಗು. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗು 2019ರ ಜುಲೈ 1ರಿಂದ ಕಡ್ಡಾಯ, ಹಾಗಾಗಿ ಈಚಿನ ಕಾರುಗಳಲ್ಲೆಲ್ಲ ವೀಲಿನ ನಡುವೆ ಒಂದು ಸ್ಫೋಟಕ ಸಾಧನ ಇದೆ ಎಂದೇ ತಿಳಿದು ಕೆಲಸ ಮಾಡಬೇಕು. ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿ ಮ್ಯಾನುವಲ್ ಹೇಳಿದಷ್ಟು ನಿಮಿಷ ಕಾಯಬೇಕು. ಏರ್‌ಬ್ಯಾಗಿನ ಕಪಾಸಿಟರಿನಲ್ಲಿ ಉಳಿದ ವಿದ್ಯುತ್ತು ಇಳಿಯಲು ಅಷ್ಟು ಹೊತ್ತು ಬೇಕು. ಹಳದಿ ಪ್ಲಗ್ಗುಗಳಿಗೆ ಟೆಸ್ಟ್ ಲ್ಯಾಂಪ್ ತಾಗಿಸಬಾರದು. ಕಳಚಿದ ಏರ್‌ಬ್ಯಾಗನ್ನು ಮೇಲ್ಮುಖವಾಗಿಯೇ ಇಡಬೇಕು.

ವೀಲಿನ ನಟ್ಟು ಸಡಿಲವಾದರೂ ವೀಲ್ ಕೂಡಲೇ ಕೈಗೆ ಬರುವುದಿಲ್ಲ. ಹಲ್ಲುಗಳ ಉಜ್ಜಾಟವೇ ಅದನ್ನು ಕೆಲವು ದಿನ ಹಿಡಿದುಕೊಂಡಿರುತ್ತದೆ. 2023ರ ಮಾರ್ಚಿನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಟೆಸ್ಲಾ ಮಾಡೆಲ್ ವೈ ಕಾರುಗಳ ಬಗ್ಗೆ ತನಿಖೆ ಶುರು ಮಾಡಿದ್ದು ಇದೇ ಕಾರಣಕ್ಕೆ: ಎರಡು ಹೊಸ ಕಾರುಗಳು ವೀಲ್ ಹಿಡಿಯುವ ಬೋಲ್ಟೇ ಇಲ್ಲದೆ ಗಿರಾಕಿಯ ಕೈ ಸೇರಿ, ಓಡುತ್ತಿರುವಾಗ ವೀಲ್ ಕಳಚಿ ಬಂದಿತ್ತು. 2018ರಲ್ಲಿ ಫೋರ್ಡ್ ಕಂಪೆನಿ ಉತ್ತರ ಅಮೆರಿಕದಲ್ಲಿ ಸುಮಾರು 14 ಲಕ್ಷ ಫ್ಯೂಷನ್ ಮತ್ತು ಲಿಂಕನ್ ಎಂಕೆಝಡ್ ಕಾರುಗಳನ್ನು ಕರೆಸಿಕೊಂಡದ್ದು ವೀಲಿನ ಬೋಲ್ಟು ಸಡಿಲವಾಗುವ ಸಂಭವ ಇದ್ದುದರಿಂದ. ಅವರು ಮಾಡಿದ ಪರಿಹಾರ ಗಮನಾರ್ಹ: ಹೆಚ್ಚು ಮರೆ ಕಚ್ಚುವ ಉದ್ದದ ಬೋಲ್ಟು, ಅದರ ಮರೆಯ ಮೇಲೆ ದೊಡ್ಡದಾದ ನೈಲಾನ್ ಪಟ್ಟಿ. ಹೊಸ ಬೋಲ್ಟಿನ ಮರೆಯಲ್ಲಿ ಕಾಣುವ ನೀಲಿ ಅಥವಾ ಹಳದಿ ತೇಪೆ ಬಣ್ಣಕ್ಕಾಗಿ ಹಾಕಿದ್ದಲ್ಲ, ಅದುರಿಗೆ ಬೋಲ್ಟು ಹಿಂದೆ ತಿರುಗದಂತೆ ತಡೆಯುವುದೇ ಅದು. ಒಮ್ಮೆ ಬಿಚ್ಚಿ ಹಾಕಿದರೆ ಅದರ ಹಿಡಿತ ಇಳಿಯುತ್ತದೆ. ನೈಲಾಕ್ ನಟ್ಟಿಗೂ ಅದೇ ಮಾತು. ನಮ್ಮ ದೇಶದಲ್ಲೂ 2013ರ ಅಕ್ಟೋಬರ್ 19ರಿಂದ 26ರ ನಡುವೆ ತಯಾರಾದ 1,492 ಎರ್ಟಿಗಾ, ಸ್ವಿಫ್ಟ್, ಡಿಜೈರ್ ಮತ್ತು ಎ-ಸ್ಟಾರ್ ಕಾರುಗಳನ್ನು ಮಾರುತಿ ಸುಜುಕಿ ಸ್ಟೇರಿಂಗ್ ಕಾಲಂ ಪರೀಕ್ಷೆಗೆಂದು ಕರೆಸಿಕೊಂಡಿತ್ತು. ಎಂಟು ದಿನಗಳ ತಯಾರಿಯ ಕಾರುಗಳನ್ನು ಬೆರಳಿಟ್ಟು ಹೆಕ್ಕಲು ಕಾರ್ಖಾನೆಗೆ ಸಾಧ್ಯವಾಗುವುದು ಅಲ್ಲಿ ದಾಖಲೆ ಇರುವುದರಿಂದ. ಗ್ಯಾರೇಜಿನಲ್ಲಿ ಬಿಗಿದ ಬೋಲ್ಟಿಗೆ ಅಂಥ ದಾಖಲೆ ಯಾವುದಿದೆ?

ಟಾರ್ಕ್ ರೆಂಚನ್ನು ಹಿಡಿಯುವ ಬಗ್ಗೆ ಕೆಲವು ಮಾತು. ಅದರ ನಿಖರತೆ ಸಿಗುವುದು ಅಳತೆಪಟ್ಟಿಯ ಐದನೇ ಒಂದು ಭಾಗ ದಾಟಿದ ಮೇಲೆ. ಚಕ್ರದ ನಟ್ಟಿಗೆಂದು ತಂದ 200 ನ್ಯೂಟನ್ ಮೀಟರಿನ ದೊಡ್ಡ ರೆಂಚಿನಲ್ಲಿ 25 ಅಳೆಯುವುದು ಬೇಡ, ಸಣ್ಣದು ಬೇಕು. ಹಿಡಿಯ ನಡುವೆ ಕೈಯಿಟ್ಟು ನಿಧಾನ ಎಳೆಯಬೇಕು, ಟಕ್ ಎಂದ ಕೂಡಲೇ ನಿಲ್ಲಬೇಕು. ಖಾತ್ರಿಗೆಂದು ಇನ್ನೊಂದು ಸಲ ಟಕ್ ಅನ್ನಿಸಿದರೆ ಬೋಲ್ಟು ಮತ್ತೆ ಒಂದಿಷ್ಟು ತಿರುಗಬಹುದು. ನೇರ ಎಕ್ಸ್‌ಟೆನ್ಷನ್ ದಂಡ ಹಾಕಿದರೆ ಅಳತೆ ಕೆಡುವುದಿಲ್ಲ. ಇಕ್ಕಟ್ಟಿನ ಜಾಗಕ್ಕೆಂದು ಬಾಗುವ ಜಾಯಿಂಟ್ ಸಿಕ್ಕಿಸಿದರೆ ಕೆಡುತ್ತದೆ. ರೆಂಚಿನ ಮುಂದೆ ಉದ್ದಕ್ಕೆ ಚಾಚುವ ತೆರೆದ ಬಾಯಿಯ ತುಂಡು ಹಾಕುವುದಾದರೆ ಅದನ್ನು ಹಿಡಿಗೆ ಲಂಬವಾಗಿ ಹಾಕಬೇಕು, ಇಲ್ಲವಾದರೆ ತೋಳಿನ ಉದ್ದ ಹೆಚ್ಚಿ ಬೋಲ್ಟಿನ ಮೇಲೆ ಹೆಚ್ಚು ಬೀಳುತ್ತದೆ. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಕನಿಷ್ಠ ಅಂಕಿಗೆ ಇಳಿಸಿಡಬೇಕು. ಬೋಲ್ಟು ಬಿಚ್ಚಲು ಈ ರೆಂಚು ಬಳಸಲೇಬಾರದು. ವರ್ಷಕ್ಕೊಮ್ಮೆ ಅಥವಾ 5,000 ಬಿಗಿತಕ್ಕೊಮ್ಮೆ ಅದನ್ನೇ ಪರೀಕ್ಷೆಗೆ ಕೊಡಬೇಕು.

ಅಂಕಿಯ ಪಕ್ಕದ ಮಾನವನ್ನೂ ಓದಬೇಕು. ಹಳೆಯ ಜಪಾನೀ ಮ್ಯಾನುವಲ್ಲುಗಳಲ್ಲಿ 2.5 ಎಂದಿದ್ದರೆ ಅದು ಕಿಲೋಗ್ರಾಂ ಮೀಟರ್. ನ್ಯೂಟನ್ ಮೀಟರಿಗೆ 9.8ರಿಂದ ಗುಣಿಸಬೇಕು. ರೆಂಚಿನ ಒಂದು ಬದಿಯಲ್ಲಿ ಫುಟ್ ಪೌಂಡ್ ಕೊರೆದಿರುತ್ತದೆ. 25 ನ್ಯೂಟನ್ ಮೀಟರ್ ಹಾಕಬೇಕಾದಲ್ಲಿ 25 ಫುಟ್ ಪೌಂಡ್ ಹಾಕಿದರೆ ಅದು 34 ಆಗಿಬಿಡುತ್ತದೆ. ನಾನು ಇಲ್ಲಿ ಲೆಕ್ಕಕ್ಕೆಂದು 25 ಅನ್ನು ಹಿಡಿದದ್ದು. ನಿಮ್ಮ ಕಾರಿನ ಅಂಕಿ ನಿಮ್ಮ ಕಾರಿನ ಮ್ಯಾನುವಲ್ಲಿನಲ್ಲಿ ಮಾತ್ರ ಇರುತ್ತದೆ. ಒಂದೇ ಕಂಪೆನಿಯ ಎರಡು ಮಾಡೆಲ್ಲುಗಳಲ್ಲೂ ಅದು ಬೇರೆ ಇರಬಹುದು.

ಕಾರು ವಾಪಸು ತರುವಾಗ ಮಾಲಕರು ಮಾಡಬೇಕಾದ ಪರೀಕ್ಷೆ ಕಷ್ಟದ್ದಲ್ಲ. ನಿಂತ ಕಾರಿನಲ್ಲಿ ಇಗ್ನಿಷನ್ ಹಾಕಿ ವೀಲನ್ನು ಮೇಲೆ ಕೆಳಗೆ, ತನ್ನ ಕಡೆಗೆ, ಆಚೆಗೆ ಅಲುಗಿಸಿ ನೋಡಿ. ಟಿಲ್ಟ್ ಲಿವರ್ ಹಾಕಿರುವಾಗ ಅಲ್ಲಾಟ ಇರಬಾರದು. ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಎಲ್ಲಿಯೂ ಕಚ್ಚಬಾರದು, ಟಕಟಕ ಸದ್ದು ಬರಬಾರದು. ನೇರ ರಸ್ತೆಯಲ್ಲಿ ವೀಲ್ ನೇರ ನಿಲ್ಲಬೇಕು, ಏರ್‌ಬ್ಯಾಗಿನ ದೀಪ, ಸ್ಟೇರಿಂಗಿನ ದೀಪ ಆರಿರಬೇಕು. ಮಳೆಗಾಲದಲ್ಲಿ ಗುಂಡಿ ಬಿದ್ದ ರಸ್ತೆಯ ಮೇಲೆ ನಿಧಾನ ಹೋಗುವಾಗ ವೀಲಿನಲ್ಲಿ ಸಣ್ಣ ಗುದ್ದು ಕೈಗೆ ತಿಳಿದರೆ ಕಾರಣ ಟೈ ರಾಡ್ ಇರಬಹುದು, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಇರಬಹುದು, ಪಿಂಚ್ ಬೋಲ್ಟೂ ಇರಬಹುದು. ಈಚೆಗೆ ಡ್ಯಾಶ್‌ಬೋರ್ಡ್ ಅಥವಾ ಗೇರ್‌ಬಾಕ್ಸ್ ಬಿಚ್ಚಿದ್ದ ಕಾರಾದರೆ ಮೊದಲು ನೋಡಬೇಕಾದ್ದು ಪಿಂಚ್ ಬೋಲ್ಟನ್ನೇ. ಅಲ್ಲಿಯವರೆಗೆ ಆ ಕಾರನ್ನು ಹೆದ್ದಾರಿಗೆ ಹತ್ತಿಸಬೇಡಿ.

ಗ್ಯಾರೇಜಿನವರಲ್ಲಿ ಕೇಳಿಕೊಳ್ಳಬಹುದಾದ್ದು ಎರಡು. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಅಥವಾ ಹಳದಿ ಪೇಂಟಿನ ಒಂದು ಗೆರೆ. ಜಾಬ್ ಕಾರ್ಡಿನಲ್ಲಿ ಯಾವ ಬೋಲ್ಟು ಬಿಚ್ಚಿದ್ದು, ಎಷ್ಟು ನ್ಯೂಟನ್ ಮೀಟರಿಗೆ ಬಿಗಿದದ್ದು, ಹೊಸದೋ ಹಳೆಯದೋ ಎಂಬ ಒಂದು ಸಾಲು. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಪಡುವುದಿಲ್ಲ. ಮುಂದಿನ ಸರ್ವಿಸಿಗೆ ಕಾರು ರ್‍ಯಾಂಪ್ ಏರಿದಾಗ ಟಾರ್ಚು ಹಿಡಿದು ಆ ಗೆರೆ ನೋಡಿದರೆ ಸಾಕು. ಗೆರೆ ಒಂದೇ ನೇರದಲ್ಲಿದ್ದರೆ ಬೋಲ್ಟನ್ನು ಮುಟ್ಟುವ ಅಗತ್ಯವಿಲ್ಲ. ತುಂಡಾಗಿ ಸರಿದಿದ್ದರೆ ಅದನ್ನು ಹಾಗೇ ಮತ್ತೆ ಬಿಗಿದು ಕಳಿಸುವುದು ಬೇಡ; ಬಿಚ್ಚಿ, ಗಾಡಿ ಮತ್ತು ಹಲ್ಲು ಪರೀಕ್ಷಿಸಿ, ಮರೆ ತೊಳೆದು, ಹೊಸ ಬೋಲ್ಟು ಹಾಕಿ, ಹೊಸ ಗೆರೆ ಎಳೆದು, ಕಾರ್ಡಿನಲ್ಲಿ ಬರೆಯಬೇಕು.